ಡಬ್ಬಿಗೆ ಬೀಗ ಹಾಕಬೇಡ ಪುಟ್ಟಿ

ಪುಟ್ಟಿ, ನಾನು ದೊಡ್ಡಮ್ಮ. ಟೈಪ್ ಮಾಡೋಣ ಅಂದರೆ ಕನ್ನಡಕ ಸಿಗುತ್ತಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಯಿತು ಅಂತ ಯಾರೂ ಓಡಿಸಿಕೊಂಡು ಕೇಳಬೇಡಿ.

ಬೆಳಗ್ಗೆ ನಮ್ಮ ಮನೆಯವರ ಗ್ರೂಪಲ್ಲಿ ನೀನು ಹಾಕಿದ್ದು ನೋಡಿದೆ. ನಿನ್ನ ಮಗ ಚಿನ್ನು ಊಟ ಮಾಡಿ ಎರಡು ಗಂಟೆಯೂ ಆಗಿರುವುದಿಲ್ಲ, ಹನ್ನೊಂದರ ಮೇಲೆ ಅಡುಗೆಮನೆಗೆ ಬಂದು ಚಕ್ಕುಲಿ ಡಬ್ಬಿ ಖಾಲಿ ಮಾಡುತ್ತಾನೆ, ಜಂತುಹುಳು ಇರಬಹುದಾ, ತಿಂಡಿಯೆಲ್ಲಾ ಒಳಗಿಟ್ಟು ಬೀಗ ಹಾಕಲಾ ಅಂತ ಕೇಳಿದ್ದೀಯ. ಅದಕ್ಕೆ ಒಬ್ಬರು ಮೆಂತ್ಯದ ನೀರು ಕೊಡು ಅಂದಿದ್ದಾರೆ. ಇನ್ನೊಬ್ಬರು ಬೆಳೆಯೋ ಹುಡುಗ, ತಿನ್ನಲಿ ಬಿಡು ಅಂದಿದ್ದಾರೆ. ನಮ್ಮ ಶೇಷು ಎಂದಿನ ಹಾಗೆ ಗುಲಾಬಿ ಹೂವು ಹಾಕಿ ಶುಭೋದಯ ಅಂದಿದ್ದಾನೆ.

ಹುಳುವೂ ಇಲ್ಲ ಗಿಳುವೂ ಇಲ್ಲ. ಮಾರ್ಚಿಗೆ ಪಿಯುಸಿ, ಅದರ ಬೆನ್ನಿಗೆ ಸಿಇಟಿ, ಅದರ ಬೆನ್ನಿಗೆ ನೀಟ್. ಹುಡುಗನಿಗೆ ಟೆನ್ಶನ್. ಏನು ಬೇಕಾದರೂ ಮಾಡು, ಬೀಗ ಮಾತ್ರ ಹಾಕಬೇಡ.

ಯಾಕೆ ಹೇಳುತ್ತೇನೆ ಅಂದರೆ ನನಗೆ ಹಾಕಿದ್ದರು.

1996. ನಮ್ಮ ಬ್ರಾಂಚ್‌ಗೆ ಕಂಪ್ಯೂಟರ್ ಬಂದ ವರ್ಷ. ಲೆಡ್ಜರ್‌ನಲ್ಲೂ ಬರೆಯಬೇಕು, ಕಂಪ್ಯೂಟರ್‌ಗೂ ಹೊಡೆಯಬೇಕು, ಸಾಯಂಕಾಲ ಎರಡೂ ಟ್ಯಾಲಿ ಆಗಬೇಕು. ಎಲ್ಲಿ ಆಗುತ್ತೆ? ಒಂದು ದಿನ 18 ರೂಪಾಯಿ 40 ಪೈಸೆ ಹುಡುಕಿಕೊಂಡು ರಾತ್ರಿ ಎಂಟೂವರೆವರೆಗೆ ಕೂತಿದ್ದೆವು. ಮ್ಯಾನೇಜರು ಕೌಂಟರ್ ಮುಂದೆ ಜನ ನಿಂತಿರುವಾಗಲೇ, ಮನೇಲಿ ಹಾಲಿನವನ ಲೆಕ್ಕ ಆದರೂ ಬರುತ್ತೇನಮ್ಮಾ ಅಂದಿದ್ದರು. ಅದೇ ವರ್ಷ ದೊಡ್ಡಪ್ಪನ ಫ್ಯಾಕ್ಟರಿ ಲಾಕೌಟು, ಅದೆಲ್ಲಾ ನಿಮಗೆ ಗೊತ್ತಿರುವುದೇ. ಬಿಟಿಎಸ್ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಹನುಮಂತನಗರದಲ್ಲಿ ಇಳಿದರೆ ಎದುರಿಗೇ ಅಯ್ಯಂಗಾರ್ ಬೇಕರಿ. ಖಾರಾ ಬನ್ನು, ಬೆಣ್ಣೆ ಬಿಸ್ಕತ್ತು, ಕಾಂಗ್ರೆಸ್ ಕಡ್ಲೆಬೀಜ. ಬೆಳಗ್ಗೆ ಒಂದು ಇಡ್ಲಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರಾತ್ರಿಯಾದರೆ ಕೈ ನಿಲ್ಲುತ್ತಿರಲಿಲ್ಲ.

ಅದು ಯಾಕೆ ಹಾಗೆ ಅಂತ ಆಮೇಲೆ ನಮ್ಮ ಶುಗರ್ ಡಾಕ್ಟರ್ ಹೇಳಿದರು. ನಾಯಿ ಅಟ್ಟಿಸಿಕೊಂಡು ಬಂದಾಗ ಯಾರಿಗೂ ಹಸಿವಾಗುವುದಿಲ್ಲ. ಅಡ್ರಿನಲಿನ್ ಅನ್ನುವ ಹಾರ್ಮೋನು ಹೊಟ್ಟೆಯನ್ನು ಸುಮ್ಮನೆ ಕೂರಿಸುತ್ತದೆ. ಅದೇ ನಾಯಿ ತಿಂಗಳುಗಟ್ಟಲೆ ಅಟ್ಟಿಸಿಕೊಂಡು ಬಂದರೆ? ಕಿಡ್ನಿ ಮೇಲೆ ಟೋಪಿ ಇಟ್ಟ ಹಾಗೆ ಒಂದು ಗ್ರಂಥಿ ಇದೆಯಂತೆ, ಅದು ಕಾರ್ಟಿಸಾಲ್ ಅನ್ನುವ ಟೆನ್ಶನ್ ಹಾರ್ಮೋನು ಬಿಡುತ್ತಲೇ ಇರುತ್ತದೆ. ಹಸಿವು ಜಾಸ್ತಿ ಆಗುತ್ತದೆ. ಅದೂ ಸಿಹಿ ಬೇಕು, ಕರಿದದ್ದು ಬೇಕು. ಟೆನ್ಶನ್ ಆಯಿತು ಅಂತ ಯಾರಾದರೂ ಸೌತೆಕಾಯಿ ತಿಂದಿದ್ದು ನೋಡಿದ್ದೀಯಾ?

ಸರಿ, ನಮ್ಮ ಅತ್ತೆ ನೋಡಿದರು. ದೀಪಾವಳಿಗೆ ಮಾಡಿದ ಕೋಡುಬಳೆ ನಾಲ್ಕೇ ದಿನಕ್ಕೆ ಅರ್ಧ ಡಬ್ಬಿ. ಒಂದು ಮಾತೂ ಆಡಲಿಲ್ಲ. ಡಬ್ಬಿಗಳನ್ನೆಲ್ಲಾ ಆ ಹಸಿರು ಬೀರುವಿನೊಳಗೆ ಇಟ್ಟು, ಈಗ ರಾಜಿ ಮನೆಯಲ್ಲಿದೆಯಲ್ಲ ಅದೇ, ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಕ್ಕಳು ಕೇಳಿದರೆ ತೆಗೆದು ಕೊಡುತ್ತಿದ್ದರು. ನಾನು 42 ವರ್ಷದ ಹೆಂಗಸು, ತಿಂಗಳಿಗೆ ಸಂಬಳ ತರುವವಳು, ಒಂದು ಕೋಡುಬಳೆಗೆ ಅತ್ತೆಯ ಸೊಂಟ ನೋಡಬೇಕು.

ಅವತ್ತಿಂದ ಕಳ್ಳತನ ಕಲಿತೆ. ಗಾಂಧಿ ಬಜಾರಿನಿಂದ ತಂದು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ, ಬಾಬಿನ್‌ಗಳ ಕೆಳಗೆ ಬಚ್ಚಿಡುತ್ತಿದ್ದೆ. ಕೋಡುಬಳೆ ಕಚ್ಚಿದರೆ ಕಟುಂ ಅನ್ನುತ್ತೆ. ಅತ್ತೆ ಪಕ್ಕದ ರೂಮಿನಲ್ಲೇ. ಅದಕ್ಕೆ ಬಾಯಲ್ಲಿಟ್ಟುಕೊಂಡು ಮೆತ್ತಗಾಗುವವರೆಗೆ ನೆನೆಸುತ್ತಿದ್ದೆ. ಕತ್ತಲೆಯಲ್ಲಿ, ನಿಂತುಕೊಂಡು. ರುಚಿ ಅಂತ ಏನೂ ಗೊತ್ತಾಗುತ್ತಿರಲಿಲ್ಲ. ಮುಗಿದ ಮೇಲೆ ಬೆರಳಿನ ಎಣ್ಣೆ ಸೆರಗಿಗೆ ಒರೆಸಿಕೊಳ್ಳುವಾಗ ಛೀ ಅನಿಸುತ್ತಿತ್ತು. ಆ ಛೀ ಮರೆಯುವುದಕ್ಕೆ ಇನ್ನೊಂದು. ಬೀಗಕ್ಕೆ ಮುಂಚೆ ನಾಲ್ಕು ತಿನ್ನುತ್ತಿದ್ದವಳು ಆಮೇಲೆ ಹತ್ತು ತಿಂದೆ.

ಎರಡು ವರ್ಷದಲ್ಲಿ 56 ಕೆಜಿ ಇದ್ದವಳು 69 ಆದೆ. 1999ರಲ್ಲಿ ಖಾಲಿ ಹೊಟ್ಟೆಯ ಶುಗರ್ 168. ನಮ್ಮಪ್ಪನಿಗೂ ಇತ್ತು, ಎಲ್ಲವನ್ನೂ ಕೋಡುಬಳೆ ತಲೆಗೇ ಕಟ್ಟಬಾರದು. ಆದರೂ ಹೇಳುತ್ತೇನೆ, ಬೀಗ ಹಾಕಬೇಡ ಪುಟ್ಟಿ. ಕಳ್ಳನನ್ನು ನೀನೇ ತಯಾರು ಮಾಡಿದ ಹಾಗಾಗುತ್ತದೆ.

ದಪ್ಪ ಅಂದ ತಕ್ಷಣ ನೆನಪಾಯಿತು. 2004, ನಿನ್ನ ಮದುವೆ. ಹದಿನೈದು ದಿನ ರಜಾ ಹಾಕಿ, ಅರಿಶಿನದ ಕೊಂಬಿನಿಂದ ಹಿಡಿದು ತಾಂಬೂಲದ ಚೀಲದವರೆಗೆ ಜೋಡಿಸಿದ್ದು ನಾನು. ಗ್ರೂಪ್ ಫೋಟೋಗೆ ನಿಂತಾಗ ನಿಮ್ಮಮ್ಮ ಏನಂದಳು? ಅಕ್ಕಾ, ನೀನು ಹಿಂದೆ ಹೋಗು, ಮುಂದೆ ನಿಂತರೆ ಮೂರು ಜನ ಮುಚ್ಚಿಹೋಗುತ್ತಾರೆ ಅಂದಳು. ಆಲ್ಬಮ್ ತೆಗೆದು ನೋಡು. ನನ್ನ ಹಣೆ, ಕುಂಕುಮ, ಅರ್ಧ ಮೊಳ ಮಲ್ಲಿಗೆ, ಅಷ್ಟೇ ಕಾಣುತ್ತದೆ. ಅವಳೂ ಈ ಗ್ರೂಪಲ್ಲೇ ಇದ್ದಾಳೆ, ಕೇಳಿಸಿಕೊಳ್ಳಲಿ. ನಮ್ಮ ಮನೆಯವರೆಲ್ಲಾ ಹಾಗೇ. ಬಾಗಿಲಿಗೆ ಬಂದವರಿಗೆ ಬಾ ಅನ್ನುವುದಕ್ಕೆ ಮುಂಚೆ ಏನೇ ಇಷ್ಟು ಊದಿದ್ದೀಯ ಅನ್ನುತ್ತಾರೆ. ಆಮೇಲೆ ತಟ್ಟೆಗೆ ಮೂರು ಒಬ್ಬಟ್ಟು ಹಾಕಿ, ತಿನ್ನಲಿಲ್ಲ ಅಂದರೆ ಮುಖ ಊದಿಸುತ್ತಾರೆ. ಕಾರ್ತೀಕದಲ್ಲಿ ಸತ್ಯನಾರಾಯಣ ಪೂಜೆ ದಿನ ಚಿನ್ನುಗೂ ಅಂದರು. ಯಾರು ಅಂತ ಹೇಳುವುದಿಲ್ಲ. ಮಗು ಸಪಾದಭಕ್ಷ್ಯವನ್ನೂ ಮುಟ್ಟದೆ ಎದ್ದು ಹೋಯಿತು, ನಾನು ನೋಡಿದೆ.

ಅಯ್ಯೋ, ನೀನು ಕೇಳಿದ್ದು ಏನು ಮಾಡಲಿ ಅಂತ ಅಲ್ವಾ.

ನೋಡು, ಮಧ್ಯಾಹ್ನ ಹನ್ನೆರಡೂವರೆಗೆ ಕಾಲೇಜಿನಲ್ಲಿ ಊಟ, ಆಮೇಲೆ ಟ್ಯೂಷನ್ನು, ಮನೆಗೆ ಬರುವುದು ಎಂಟೂವರೆ ಅಂತ ನೀನೇ ಹೇಳಿದ್ದೆ. ಎಂಟು ಗಂಟೆ ಖಾಲಿ ಹೊಟ್ಟೆ. ನಿಜವಾದ ಹಸಿವೂ ಇದೆ ಅದರಲ್ಲಿ. ಸಂಜೆಗೆ ಅಂತ ಬ್ಯಾಗಿಗೆ ಹೆಸರುಕಾಳು ಉಸ್ಲಿಯೋ, ಹುರಿಗಡಲೆ ಬಾಳೆಹಣ್ಣೋ ಹಾಕಿ ಕಳಿಸು. ರಾತ್ರಿ ಬೇಕು ಅಂದರೆ ತಿನ್ನಲಿ. ತಟ್ಟೆಗೆ ಹಾಕಿಕೊಂಡು, ಕೂತು, ಫೋನು ಆಚೆ ಇಟ್ಟು ತಿನ್ನಲಿ. ಹೊಟ್ಟೆ ತುಂಬಿದ್ದು ತಲೆಗೆ ಗೊತ್ತಾಗುವುದಕ್ಕೆ ಸುಮಾರು 20 ನಿಮಿಷ ಬೇಕು. ಡಬ್ಬಿಯೊಳಗೆ ಕೈಯಿಟ್ಟುಕೊಂಡು ಓದುತ್ತಿದ್ದರೆ ಅಷ್ಟು ಹೊತ್ತಿಗೆ ಡಬ್ಬಿಯ ತಳ ಕಾಣುತ್ತಿರುತ್ತದೆ. ಎರಡು ಗಂಟೆವರೆಗೆ ಓದಿಸಬೇಡ. ನಿದ್ದೆ ಕಮ್ಮಿಯಾದರೆ ಹಸಿವು ಹುಟ್ಟಿಸುವ ಗ್ರೆಲಿನ್ ಏರುತ್ತದೆ, ಸಾಕು ಅನ್ನುವ ಲೆಪ್ಟಿನ್ ಇಳಿಯುತ್ತದೆ. ಎಷ್ಟು ತಿಂದೆ ಅಂತ ಕೇಳಬೇಡ, ಟೆಸ್ಟಲ್ಲಿ ಎಷ್ಟು ಬಂತು ಅಂತಲೂ ಕೇಳಬೇಡ. ಪಕ್ಕದಲ್ಲಿ ಕೂತು ನೀನೂ ಒಂದು ಚಕ್ಕುಲಿ ತಿನ್ನು. ಅವನೇ ಬಾಯಿ ಬಿಡುತ್ತಾನೆ.

ಬಚ್ಚಿಟ್ಟು ತಿನ್ನುವುದು, ತಿಂದು ವಾಂತಿ ಮಾಡಿಕೊಳ್ಳುವುದು, ಒಬ್ಬನೇ ಅಳುವುದು ಏನಾದರೂ ಕಂಡರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ನಡುರಾತ್ರಿಯಲ್ಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇಲ್ಲಾ ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ನಾನೇ ಜೊತೆಗೆ ಬರುತ್ತೇನೆ. ಇನ್ನೊಂದು, ಇಷ್ಟು ತಿಂದರೂ ತೂಕ ಇಳಿಯುತ್ತಿದ್ದರೆ, ನೀರು ಜಾಸ್ತಿ ಕುಡಿದು ರಾತ್ರಿ ಪದೇ ಪದೇ ಬಾತ್‌ರೂಮಿಗೆ ಏಳುತ್ತಿದ್ದರೆ, ಟೆನ್ಶನ್ ಅಂತ ಸುಮ್ನಿರಬೇಡ. ಅವತ್ತೇ ಡಾಕ್ಟರ್ ಹತ್ತಿರ ಹೋಗಿ ಶುಗರ್ ನೋಡಿಸು. ಹುಡುಗರಿಗೂ ಬರುತ್ತದೆ.

ಭಾನುವಾರ ಅವನನ್ನು ಇಲ್ಲಿಗೆ ಕಳಿಸು. ಸೊಗಡಿನ ಅವರೆಕಾಯಿ ಮೂರು ಕೆಜಿ ತರಿಸಿದ್ದೇನೆ, ನನ್ನ ಬೆರಳು ಬಾಗುವುದಿಲ್ಲ, ಅವನು ಕೂತು ಹಿದುಕಲಿ. ಪುಸ್ತಕ ಬೇಡ. ಯುಗಾದಿಗೆ ಒಬ್ಬಟ್ಟು ಹಾಕಿ ಕೊಟ್ಟಿದ್ದೆನಲ್ಲ, ನನ್ನ ಸ್ಟೀಲ್ ಡಬ್ಬಿ, ಅದನ್ನು ಕಳಿಸು. ಮುಚ್ಚಳ ಮರೆಯಬೇಡ, ಹೋದ ಸಲ ಬರೀ ಡಬ್ಬಿ ಬಂತು.