ಸರ್‌ನೇಮ್ ಹಿಡಿದು ಹುಡುಕಿದರೆ ಅಜ್ಜಿ ಸಿಗುವುದಿಲ್ಲ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ನಡೆದ ಮಾತು ಇದು. ವಂಶವೃಕ್ಷವನ್ನು ಕಾಗದದ ಸರ್‌ನೇಮ್ ಹಿಡಿದು ಬರೆಯುವುದೋ, ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಹೆಸರಾದ 'ಬರಿ' ಹಿಡಿದು ಬರೆಯುವುದೋ? ಮುಂಬೈಯಲ್ಲಿರುವ ಎಷ್ಟೋ ತುಳುವರ ಮನೆಗಳಲ್ಲಿ ಇದೇ ಪ್ರಶ್ನೆ ಇದೆ. ಹಾಗಾಗಿ ಎಲ್ಲರ ಒಪ್ಪಿಗೆ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ನನ್ನ ಫೋನಿನಲ್ಲಿ ಹೆಸರುಗಳು ಹೇಗಿವೆಯೋ ಹಾಗೆಯೇ ಬಿಟ್ಟಿದ್ದೇನೆ.

ಥಾಣೆ ಭಾವ: 📄 ಸಾಲ್ಯಾನ್ ವಂಶವೃಕ್ಷ (ಪಿಡಿಎಫ್)
ಎಲ್ಲರೂ ನೋಡಿ. ಒಂದು ಆ್ಯಪ್‌ನಲ್ಲಿ ಸರ್‌ನೇಮ್ ಹಾಕಿ ಹುಡುಕಿ ಐದು ತಲೆಮಾರು ಜೋಡಿಸಿದ್ದೇನೆ. ನಾಗಬನದ ಪ್ರತಿಷ್ಠೆಯ ದಿನ ದೊಡ್ಡ ಫ್ಲೆಕ್ಸ್ ಮಾಡಿಸಿ ತರವಾಡು ಮನೆಯ (ಮೂಲಮನೆಯ) ಅಂಗಳದಲ್ಲಿ ಕಟ್ಟೋಣ. ತಿದ್ದುಪಡಿ ಇದ್ದರೆ ನಾಳೆ ರಾತ್ರಿಯೊಳಗೆ ಹೇಳಿ, ಪ್ರಿಂಟಿಗೆ ಕೊಡಬೇಕು.

ಡೊಂಬಿವಲಿ ಚಿಕ್ಕಮ್ಮ: ಚೆಂದ ಉಂಟು ಮಗಾ. ನನ್ನ ಹೆಸರಿನ ಕೆಳಗೆ ಖಾಲಿ ಯಾಕೆ?

ಥಾಣೆ ಭಾವ: ಅತ್ತೆ, ನಿಮ್ಮ ಮಕ್ಕಳು ಕೋಟ್ಯಾನ್ ಅಲ್ವಾ? ಅವರು ಮಾವನ ಕಡೆಯ ಪಟ್ಟಿಯಲ್ಲಿ ಬರುತ್ತಾರೆ.

ಡೊಂಬಿವಲಿ ಚಿಕ್ಕಮ್ಮ: ಅದು ಶಾಲೆಯ ಹೆಸರು. ಅವರ ಬರಿ ಯಾವುದು? ನನ್ನದೇ, ಸಾಲ್ಯಾನ್. ನಾಗನಿಗೆ ತನು ಎರೆಯುವಾಗ ಅವರು ನಿಲ್ಲುವುದು ನಮ್ಮ ಬನದಲ್ಲಿ. ಬನದಲ್ಲಿ ಇರುವವರು ಫ್ಲೆಕ್ಸ್‌ನಲ್ಲಿ ಇಲ್ಲ ಅಂದರೆ ಹೇಗೆ ಮಾರಾಯ?

ವಾಸ್ಕೋ ತಮ್ಮ: ನಾನೂ ಇಲ್ಲ, ಅಕ್ಕನೂ ಇಲ್ಲ. ಹೆಣ್ಣುಮಕ್ಕಳ ಮಕ್ಕಳು ಒಬ್ಬರೂ ಇಲ್ಲ.

ಪುಣೆ ಮಾವ: ಸ್ವಲ್ಪ ತಾಳಿ. ಅವನು ಕಷ್ಟಪಟ್ಟು ಮಾಡಿದ್ದಾನೆ. ತಾಯಿಯ ಕಡೆಯಿಂದ ಆಸ್ತಿ ಹೋಗುವ ಅಳಿಯಕಟ್ಟು ಈಗ ಎಲ್ಲಿ ಉಂಟು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಪ್ಪನ ಆಸ್ತಿ ಮಕ್ಕಳಿಗೇ ಬರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಬರಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಒಂದು ಹೆಸರು, ಒಂದು ಸಾಲು. ಸರಳವಾಗಿರಲಿ.

ನಾನು: ಮಾವ, ಆಸ್ತಿ ಯಾರಿಗೆ ಹೋಗಬೇಕು ಅನ್ನುವುದನ್ನು ಕಾಯ್ದೆ ಹೇಳಲಿ. ನಾವು ಯಾರ ಹೊಟ್ಟೆಯಲ್ಲಿ ಹುಟ್ಟಿದವರು ಅನ್ನುವುದನ್ನು 1956ರ ಕಾಯ್ದೆ ಬದಲಾಯಿಸಲು ಆಗುವುದಿಲ್ಲ. ದಯವಿಟ್ಟು ಪಿಡಿಎಫ್‌ನಲ್ಲಿ ನಿಮ್ಮ ಅಪ್ಪನ ಹೆಸರು ನೋಡಿ.

ಪುಣೆ ಮಾವ: ಬಾಬು ಸಾಲ್ಯಾನ್, ಕಾರ್ಕಳ ತಾಲೂಕು. ಇದು ಯಾರು?!

ಪುಣೆ ಮಾವ: ನನ್ನ ಅಪ್ಪ ಅಮೀನ್ ಬರಿಯವರು. ಕಾರ್ಕಳದ ಕಡೆ ಅವರು ಕೆಲಸಕ್ಕೂ ಹೋದವರಲ್ಲ.

ಥಾಣೆ ಭಾವ: ದೊಡ್ಡಪ್ಪ, ನೀವು ಸಾಲ್ಯಾನ್ ಅಂದ ಮೇಲೆ ಅಜ್ಜನೂ ಸಾಲ್ಯಾನ್ ಅಂತ ಆ್ಯಪ್ ತಗೊಂಡಿದೆ. ಬಾಬು ಅನ್ನುವ ಹೆಸರು, ವಯಸ್ಸು ಎರಡೂ ಹೊಂದುತ್ತಿತ್ತು.

ನಾನು: ಅಲ್ಲೇ ಇರುವುದು ವಿಷಯ. ಮಾವ ಸಾಲ್ಯಾನ್ ಆದದ್ದು ಅಜ್ಜಿಯಿಂದ. ಆ್ಯಪ್ ಅದನ್ನು ಅಜ್ಜನ ಮೇಲೆ ಹೊರಿಸಿ, ಸಂಬಂಧವೇ ಇಲ್ಲದ ಒಬ್ಬರನ್ನು ತಂದು ಕೂರಿಸಿತು. ಅವರ ಹಿಂದಿನ ತಲೆಮಾರುಗಳೂ ಹೀಗಾಗಿ ಬೇರೆಯವರದ್ದು. ಸಾಲ್ಯಾನ್ ಬರಿ ಬಿಲ್ಲವರಲ್ಲೂ ಉಂಟು, ಮೊಗವೀರರಲ್ಲೂ ಉಂಟು. ಹೆಸರು ಒಂದೇ ಅಂದರೆ ಜಾತಿಯೂ ಒಂದೇ ಅಂತ ಹೇಳಲಾಗದು, ಮತ್ತೆ ಕುಟುಂಬದ ಮಾತೆಲ್ಲಿ?

ಪುಣೆ ಮಾವ: ನನ್ನ ಹೆಸರು ಹೇಗೆ ಬಂತು ಅಂತ ಹೇಳುತ್ತೇನೆ. ಫೋರ್ಟಿನ ಹೋಟೆಲಿನಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಇಲ್ಲಿನ ಫಾರ್ಮಿನಲ್ಲಿ ನಿನ್ನ ಹೆಸರು, ಅಪ್ಪನ ಹೆಸರು, ಸರ್‌ನೇಮ್ ಅಂತ ಮೂರು ಜಾಗ. ಊರಿನ ಶಾಲೆಯಲ್ಲಿ ನಾನು ಪೂಜಾರಿ ಅಷ್ಟೇ, ನಮ್ಮ ಬಿಲ್ಲವರ ಜಾತಿಯ ಹೆಸರು. ಮಾಸ್ತರು ಬರಿ ಯಾವುದು ಅಂತ ಕೇಳಿದರು. ಅಮ್ಮನದು ಹೇಳಿದೆ. ಬರಿ ಅಂದರೆ ಅಮ್ಮನದೇ ಅಲ್ವಾ, ಬೇರೆ ಏನು ಹೇಳುವುದು?

ಡೊಂಬಿವಲಿ ಚಿಕ್ಕಮ್ಮ: ನಿಮ್ಮ ಮಕ್ಕಳ ಕಾಲಕ್ಕೆ ಅಪ್ಪನ ಸರ್‌ನೇಮೇ ಹಾಕಬೇಕು ಅಂತ ಆಯಿತು. ಅದರಿಂದಲೇ ಎಲ್ಲ ಗಂಟು. ನನ್ನ ಮಗಳಿಗೆ ಒಳ್ಳೆಯ ಸಂಬಂಧ ಬಂದಿತ್ತು, ನೆನಪಿದೆಯಾ? ಹುಡುಗನೂ ಕೋಟ್ಯಾನ್, ಇವಳೂ ಕೋಟ್ಯಾನ್, ಒಂದೇ ಬರಿಯಲ್ಲಿ ಆಗುವುದಿಲ್ಲ ಅಂತ ಅವರು ಹಿಂದೆ ಸರಿದರು. ಇವಳ ಬರಿ ಸಾಲ್ಯಾನ್, ಅವನದು ಬಂಗೇರ. ಇಬ್ಬರದೂ ಕಾಗದದ ಕೋಟ್ಯಾನ್. ಹೇಳಿದರೆ ಯಾರೂ ಕೇಳಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ.

ಥಾಣೆ ಭಾವ: ಸರಿ ಅತ್ತೆ. ಆದರೆ ಹಾಗೆ ನೋಡಿದರೆ ನನ್ನ ಬರಿ ನನ್ನ ಅಮ್ಮನದು. ಅಂದರೆ ನಾನೇ ಈ ಕುಟುಂಬದವನಲ್ಲ. ಬನದ ವಂತಿಗೆ ಎತ್ತಲು ತಿಂಗಳುಗಟ್ಟಲೆ ಓಡಾಡಿದ್ದು ನಾನು. ನನ್ನ ಹೆಸರು ಎಲ್ಲಿ ಬರೆಯುತ್ತೀರಿ?

ಇಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಬರೆಯಲಿಲ್ಲ. ಭಾವ ಹೇಳಿದ್ದರಲ್ಲಿ ನ್ಯಾಯ ಇತ್ತು. ಹಳೆಯ ಲೆಕ್ಕವನ್ನೇ ಕಟ್ಟುನಿಟ್ಟಾಗಿ ಹಿಡಿದರೆ ಅಷ್ಟು ದುಡಿದವರು ಹೊರಗೆ ಹೋಗುತ್ತಾರೆ.

ನಾನು: ಭಾವ, ನಿಮ್ಮನ್ನು ಬಿಟ್ಟು ಫ್ಲೆಕ್ಸ್ ಹಾಕಿದರೆ ನಾನೇ ಬರುವುದಿಲ್ಲ. ನಾನು ಹೇಳುವುದು ಇಷ್ಟೇ. ಸರ್‌ನೇಮನ್ನು ಬುಡಕ್ಕೆ ಇಡಬೇಡಿ. ತಾಯಂದಿರನ್ನು ಇಡಿ, ಗಂಡುಮಕ್ಕಳ ಮಕ್ಕಳನ್ನು ಅವರವರ ಅಪ್ಪನ ಕೆಳಗೆ ಸೇರಿಸಿ. ಪ್ರತಿಯೊಬ್ಬರ ಹೆಸರಿನ ಜೊತೆ ಕಾಗದದ ಸರ್‌ನೇಮ್ ಒಂದು, ಬರಿ ಒಂದು. ಆಗ ಯಾರೂ ಹೊರಗೆ ಉಳಿಯುವುದಿಲ್ಲ.

ವಾಸ್ಕೋ ತಮ್ಮ: ಇಲ್ಲಿ ಗೋವಾದಲ್ಲೂ ಹೆಸರಿನ ಕಥೆ ಇದೆ. ಪೋರ್ಚುಗೀಸರ ಕಾಲದ ಕಾಗದದಲ್ಲಿ ಕಾಮತರು ಕಾಮೋತಿಂ, ಪ್ರಭುಗಳು ಪೊರೊಬೊ, ಪೈಗಳು ಪೊಯ್. ಈಗಿನ ಹೆಸರು ಹಾಕಿ ಹುಡುಕಿದರೆ ಅವರ ಅಜ್ಜಂದಿರೂ ಸಿಗುವುದಿಲ್ಲ. ಆದರೆ ಅಲ್ಲಿ ಸ್ಪೆಲಿಂಗ್ ಮಾತ್ರ ಬೇರೆ. ನಮ್ಮಲ್ಲಿ ದಾರಿಯೇ ಬೇರೆ.

ಥಾಣೆ ಭಾವ: ತಾಯಂದಿರ ಹೆಸರು ಎಲ್ಲಿಂದ ತರುವುದು? ಯಾವ ದಾಖಲೆಯಲ್ಲಿ ಉಂಟು?

ನಾನು: 📷 ಫೋಟೋ
ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಇದ್ದ ಪಾಲುಪಟ್ಟಿ. ಐವತ್ತರ ದಶಕದ್ದು. ಮದ್ರಾಸ್ ಸರಕಾರದ 1949ರ ಅಳಿಯಸಂತಾನ (ಅಳಿಯಕಟ್ಟು) ಕಾಯ್ದೆ ಬಂದ ಮೇಲೆ ಒಂದೊಂದು ಕವರಿಗೂ ತನ್ನ ಪಾಲು ಕೇಳುವ ಹಕ್ಕು ಬಂತು. ಅದಕ್ಕೆ ಮೊದಲು ಹಾಗೆ ಕೇಳಿ ಪಾಲು ಮಾಡಿಸಲು ಆಗುತ್ತಿರಲಿಲ್ಲ. ಕವರು ಅಂದರೆ ಒಬ್ಬ ಹೆಂಗಸು ಮತ್ತು ಅವಳ ಹೆಣ್ಣುಸಂತತಿಯ ಕಡೆಯ ಎಲ್ಲರೂ. ಹಾಗಾಗಿ ಪಾಲು ಮಾಡುವಾಗ ಹೆಂಗಸರ ಹೆಸರು ಬರೆಯಲೇಬೇಕು. ಎರಡನೇ ಪುಟದ ಮಧ್ಯದಲ್ಲಿ ನೋಡಿ. ಮಡಿಕೆ ಬಿದ್ದ ಕಡೆ ಶಾಯಿ ಹರಡಿದೆ, ಆದರೂ ಓದಬಹುದು. ಮುತ್ತು ಪೂಜಾರ್ತಿ. ಅವಳ ಇಬ್ಬರು ಹೆಣ್ಣುಮಕ್ಕಳು, ಎರಡು ಕವರು. ಚಿಕ್ಕವಳ ಮಗಳು ನಮ್ಮ ಅಜ್ಜಿ. ಇಡೀ ಪತ್ರದಲ್ಲಿ ಸಾಲ್ಯಾನ್ ಅನ್ನುವ ಹೆಸರೇ ಇಲ್ಲ.

ಡೊಂಬಿವಲಿ ಚಿಕ್ಕಮ್ಮ: ಅಯ್ಯೋ ದೇವರೇ. ಅಮ್ಮ ಹೇಳುತ್ತಿದ್ದ ಮುತ್ತಕ್ಕ ಇವರೇ.

ಥಾಣೆ ಭಾವ: ಪೂಜಾರ್ತಿ ಅಂತ ಹಾಕಿ ನಾನು ಹುಡುಕಿಯೇ ಇಲ್ಲ.

ನಾನು: ಯಾರೂ ಹುಡುಕುವುದಿಲ್ಲ ಭಾವ, ಆ್ಯಪ್ ಕೇಳುವುದೂ ಇಲ್ಲ. ಗಂಡಸರು ಪೂಜಾರಿ, ಹೆಂಗಸರು ಪೂಜಾರ್ತಿ. ಸಾಲ್ಯಾನ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬರು ಐ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ವೈ. ಅದಲ್ಲದೆ ನೀವು ಜಿಲ್ಲೆ ಉಡುಪಿ ಅಂತ ಹಾಕಿದ್ದೀರಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. 1956ರ ನವೆಂಬರ್‌ಗೆ ಮೊದಲಿನದ್ದು ಬೇಕಾದರೆ ಮದ್ರಾಸಿನ ಸೌತ್ ಕೆನರಾ ಅಂತ ನೋಡಬೇಕು.

ವಾಸ್ಕೋ ತಮ್ಮ: ಪಹಣಿಯಲ್ಲಿ ದೊಡ್ಡಜ್ಜನ ಹೆಸರು ಉಂಟು ಅಲ್ವಾ ಅಕ್ಕ? ಅಜ್ಜಿಯ ಅಣ್ಣ.

ನಾನು: ಉಂಟು, ಆದರೆ ಅಲ್ಲಿ 'ಬಿನ್' ಅಂತ ಹಾಕಿ ಅವರ ಅಪ್ಪನ ಹೆಸರು ಬರೆದಿದ್ದಾರೆ. ಪಾಲುಪಟ್ಟಿಯಲ್ಲಿ ಅದೇ ಮನುಷ್ಯ ತಾಯಿಯ ಕವರಿನಲ್ಲಿ, ಯಜಮಾನನ ಅಳಿಯ (ಸೋದರಳಿಯ) ಅಂತ. ಎರಡು ಕಾಗದ ಪಕ್ಕದಲ್ಲಿಟ್ಟರೆ ಇಬ್ಬರು ಬೇರೆ ಬೇರೆ ಜನ ಅಂತಲೇ ಅನಿಸುತ್ತದೆ. ಮನೆಯ ಹೆಸರು, ಸರ್ವೆ ನಂಬರು ಒಂದೇ ಆದ್ದರಿಂದ ಗೊತ್ತಾಯಿತು.

ಪುಣೆ ಮಾವ: ಹಾಗಾದರೆ ಡಿಕ್ಲರೇಷನ್ ಫೈಲೂ ನೋಡಬೇಕು. 1974ರ ಭೂಸುಧಾರಣೆಯಲ್ಲಿ ನಾವು ಚಾಲಗೇಣಿಗೆ (ಗೇಣಿಗೆ) ಮಾಡುತ್ತಿದ್ದ ಗದ್ದೆಗೆ ನಮೂನೆ 7, ಅಂದರೆ ಗೇಣಿದಾರರ ಡಿಕ್ಲರೇಷನ್ ಅರ್ಜಿ, ಕೊಟ್ಟದ್ದು ಅಣ್ಣ. ಗೇಣಿ ಯಾರ ಕಾಲದಿಂದ ಅಂತ ಅದರಲ್ಲಿ ಬರೆಸಿದ್ದಾರೆ. ಟ್ರಿಬ್ಯೂನಲ್ಲಿನ ಆದೇಶದ ಒಂದು ಪ್ರತಿ ನನ್ನ ಹತ್ತಿರ ಉಂಟು. ನಾಳೆ ಹುಡುಕಿ ಹಾಕುತ್ತೇನೆ.

ಥಾಣೆ ಭಾವ: ಪ್ರಿಂಟಿಗೆ ಕೊಡುವುದು ಸದ್ಯಕ್ಕೆ ಬೇಡ. ಆದರೆ ಒಂದು ಮಾತು. ಗಂಡುಮಕ್ಕಳ ಮಕ್ಕಳನ್ನು ಸಣ್ಣ ಅಕ್ಷರದಲ್ಲಿ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಎಲ್ಲರದೂ ಒಂದೇ ಅಳತೆ.

ಡೊಂಬಿವಲಿ ಚಿಕ್ಕಮ್ಮ: ಒಂದೇ ಅಳತೆ ಇರಲಿ. ಆದರೆ ಮೇಲೆ ಮೊದಲು ಮುತ್ತಕ್ಕ. ಅದರಲ್ಲಿ ಬೇರೆ ಮಾತಿಲ್ಲ.

ಪುಣೆ ಮಾವ: ಅದು ನನಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಅಪ್ಪನ ಮನೆಯವರಿಗೆ ಒಂದು ಪುಟವಾದರೂ ಬೇಕು. ಅಮೀನರ ಕಡೆಯನ್ನು ನಾವು ಹುಡುಕದಿದ್ದರೆ ಇನ್ನು ಯಾರು ಹುಡುಕುತ್ತಾರೆ?

ನಾನು: ಖಂಡಿತ ಬೇಕು ಮಾವ. ಅಜ್ಜನಿಗೆ ಬೇರೆ ಹಾಳೆ. ಅದು ಅವರ ಅಮ್ಮನಿಂದ ಶುರುವಾಗುತ್ತದೆ. ಈ ಹಾಳೆಗೆ ಈಗ ಸೊಸೆಯಂದಿರ ಬರಿ ಬೇಕು. ಇಲ್ಲದಿದ್ದರೆ ಭಾವನ ತಲೆಮಾರಿನಲ್ಲಿ ಬರಿಯ ಜಾಗ ಖಾಲಿ ಉಳಿಯುತ್ತದೆ. ಅತ್ತೆಯ ಬರಿ ಯಾವುದು?

ಪುಣೆ ಮಾವ: ಅಡುಗೆಮನೆಯಲ್ಲಿ ಇದ್ದಾಳೆ. ಕೇಳುತ್ತೇನೆ.

ಪುಣೆ ಮಾವ: ಸುವರ್ಣ. ಅವಳ ಅಜ್ಜಿಯ ಮನೆ ಮೂಲ್ಕಿ ಕಡೆ. ಅವರದೂ ಒಂದು ಪಾಲುಪಟ್ಟಿ ಇತ್ತಂತೆ, ತಮ್ಮನಿಗೆ ಈಗಲೇ ಫೋನ್ ಮಾಡುತ್ತಿದ್ದಾಳೆ.