ಇರಾನಿನ ‘ಒಸೂಲ್‌ಗರಾ’ಗಳನ್ನು ‘ಸಂಪ್ರದಾಯವಾದಿ’ ಎನ್ನಬಹುದೇ?

2024ರ ಜುಲೈನಲ್ಲಿ ಇರಾನಿನ ಅಧ್ಯಕ್ಷ ಚುನಾವಣೆಯಲ್ಲಿ ಮಸೂದ್ ಪೆಝೆಶ್ಕಿಯಾನ್ ಅವರು ಸಯೀದ್ ಜಲೀಲಿಯನ್ನು ಸೋಲಿಸಿದಾಗ ‘ಸಂಪ್ರದಾಯವಾದಿಯ ಎದುರು ಸುಧಾರಣಾವಾದಿಗೆ ಗೆಲುವು’ ಎಂಬ ಧಾಟಿಯಲ್ಲೇ ಸುದ್ದಿ ಓದಿದೆವು. ‘ಸುಧಾರಣಾವಾದಿ’ಯ ಬಗ್ಗೆ ನನ್ನ ತಕರಾರಿಲ್ಲ. ಆ ಬಣದವರು ತಮ್ಮನ್ನು ‘ಎಸ್ಲಾಹ್‌ತಲಬ್’ ಎಂದೇ ಕರೆದುಕೊಳ್ಳುತ್ತಾರೆ, ಅಂದರೆ ಸುಧಾರಣೆ ಬಯಸುವವರು. (ಈ ಎಸ್ಲಾಹ್, ನಮ್ಮ ‘ಸಲಹೆ’ ಎರಡೂ ಒಂದೇ ಅರಬ್ಬಿ ಧಾತುವಿನ ಮಕ್ಕಳು.) ತೊಡಕಿರುವುದು ಎದುರು ಬಣದ, ಅಂದರೆ ಜಲೀಲಿಯಂಥ ‘ಒಸೂಲ್‌ಗರಾ’ಗಳ, ಹೆಸರಿನಲ್ಲಿ.

ಸಂಪ್ರದಾಯವಾದಿ ಎಂದೊಡನೆ ನಮಗೆ ನೆನಪಾಗುವುದು ಮಡಿ, ಆಚಾರ, ಅಜ್ಜನ ಕಾಲದಿಂದ ನಡೆದುಬಂದ ಕಟ್ಟಳೆ. ಈ ಬಣ ಕಾಯುತ್ತಿರುವುದಾದರೋ ‘ವೆಲಾಯತೆ ಫಕೀಹ್’, ಧರ್ಮಶಾಸ್ತ್ರಜ್ಞನ ಆಳ್ವಿಕೆ. ಇಸ್ಲಾಮಿಕ್ ಕ್ರಾಂತಿಯ ನಾಯಕ ಖೊಮೇನಿ ಅದನ್ನು ಇರಾಕಿನ ನಜಫ್‌ನಲ್ಲಿ ಉಪನ್ಯಾಸಗಳಾಗಿ ಮಂಡಿಸಿದ್ದು 1970ರಲ್ಲಿ, ಅದು ಇರಾನಿನ ಸಂವಿಧಾನ ಸೇರಿದ್ದು ಕ್ರಾಂತಿಯಾದ 1979ರಲ್ಲಿ. ಹಳೆಯ ಜಾಡಿನ ಶಿಯಾ ಪಂಡಿತರಲ್ಲಿ ಬಹಳ ಮಂದಿ ರಾಜ್ಯಭಾರದಿಂದ ದೂರ ಉಳಿದವರೇ. ಹಾಗಿರುವಾಗ ಸಂಪ್ರದಾಯ ಯಾರ ಪಾಲಿಗೆ?

ಇನ್ನೂ ಹಿಂದಕ್ಕೆ ಹೋದರೆ ಗೋಜಲು ಹೆಚ್ಚುತ್ತದೆ. 1980ರ ದಶಕದಲ್ಲಿ ಅಲ್ಲಿ ಬಳಕೆಯಲ್ಲಿದ್ದದ್ದು ‘ಚಪ್’, ‘ರಾಸ್ತ್’, ಅಂದರೆ ಎಡ, ಬಲ. ಆಗ ಪ್ರಧಾನಿಯಾಗಿದ್ದ ಮೀರ್ ಹುಸೇನ್ ಮೂಸವಿ ಪಡಿತರ, ಸರ್ಕಾರಿ ಹಿಡಿತದ ಪರ. ಬಲದವರು ಬಜಾರಿನ ವರ್ತಕರ ಪರ. 1988ರಲ್ಲಿ ಮುಲ್ಲಾಗಳ ಸಂಘಟನೆ ಇಬ್ಭಾಗವಾಯಿತು. ಬಲದವರದು ‘ರೂಹಾನಿಯತೆ ಮೊಬಾರೆಝ್’, ಸಿಡಿದು ಬಂದ ಎಡದವರದು ‘ರೂಹಾನಿಯೂನೆ ಮೊಬಾರೆಝ್’. ಎರಡಕ್ಕೂ ಹೆಚ್ಚುಕಡಿಮೆ ‘ಹೋರಾಟಗಾರ ಧರ್ಮಗುರುಗಳು’ ಎಂದೇ ಅರ್ಥ. ಪ್ರತ್ಯಯವೊಂದು ಬದಲಾದದ್ದಷ್ಟೇ, ಅನುವಾದಕರ ಗೋಳು ಕೇಳಬೇಡಿ! ಈ ಎರಡನೆಯ ಗುಂಪಿನ ಖಾತಮಿ 1997ರಲ್ಲಿ ಅಧ್ಯಕ್ಷರಾದರು, ನಿನ್ನೆಯ ಎಡ ಸುಧಾರಣೆಯ ಬಣವಾಯಿತು. ಮೂಸವಿ 2009ರಲ್ಲಿ ಅಧ್ಯಕ್ಷ ಚುನಾವಣೆಯ ಫಲಿತಾಂಶ ವಿರೋಧಿಸಿ ಎದ್ದ ಹಸಿರು ಚಳವಳಿಯ ಮುಖವಾಗಿ, 2011ರ ಫೆಬ್ರವರಿಯಲ್ಲಿ ಗೃಹಬಂಧನ ಕಂಡರು.

ಬಲದವರಿಗೆ ‘ಮೊಹಾಫೆಝೆಕಾರ್’ (ಇಂಗ್ಲಿಷಿನ ಕನ್ಸರ್ವೇಟಿವ್) ಎಂಬ ಪದ ಹಿಡಿಸಲಿಲ್ಲ. ಇದ್ದದ್ದನ್ನೇ ಅಂಟಿಕೊಂಡು ಕೂತವರೆಂಬ ಧ್ವನಿ ಅದಕ್ಕಿದೆ. 2005ರಲ್ಲಿ ಅಧ್ಯಕ್ಷರಾದ ಅಹ್ಮದಿನೆಜಾದ್ ಕಾಲದ ಹೊತ್ತಿಗೆ ‘ಒಸೂಲ್‌ಗರಾ’ ಚಾಲ್ತಿಗೆ ಬಂತು. ಒಸೂಲ್ ಎಂದರೆ ಮೂಲತತ್ತ್ವಗಳು, ಅದರ ಏಕವಚನ ‘ಅಸ್ಲ್’. ನಮ್ಮ ಅಸಲು-ಬಡ್ಡಿಯ ಅಸಲು ಅದೇ. ಹಾಗೆಂದು ‘ತತ್ತ್ವನಿಷ್ಠರು’ ಎಂದು ಬರೆದರೆ ವರದಿಗಾರನೇ ಹಾರ ಹಾಕಿದಂತಾಗುತ್ತದೆ. ‘ಮೂಲಭೂತವಾದಿ’ ಕನ್ನಡದಲ್ಲಿ ಬೈಗುಳ. ಅದಕ್ಕೆ ಪಾರಸಿಯಲ್ಲಿ ‘ಬೊನ್ಯಾದ್‌ಗರಾ’ ಎಂಬ ಬೇರೆ ಪದವೇ ಇದೆ.

‘ವ್ಯವಸ್ಥೆಪರರು’ ಎನ್ನೋಣವೆಂದರೆ ಸುಧಾರಣೆಯವರೂ ‘ನೆಝಾಮ್’ (ಅಂದರೆ ಅದೇ ವ್ಯವಸ್ಥೆ) ಒಳಗಿದ್ದೇ ಜಗಳ ಆಡುವವರು. 2017ರ ಡಿಸೆಂಬರ್ ಕೊನೆಗೆ ಭುಗಿಲೆದ್ದ ಪ್ರತಿಭಟನೆಯಲ್ಲಿ ತೆಹ್ರಾನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಬ್ಬರನ್ನೂ ಸೇರಿಸಿಯೇ ಕೂಗಿದರು: ‘ಎಸ್ಲಾಹ್‌ತಲಬ್, ಒಸೂಲ್‌ಗರಾ, ದೀಗೆ ತಮೂಮೆ ಮಾಜರಾ’. ಸುಧಾರಣೆಯವರೇ, ತತ್ತ್ವದವರೇ, ನಿಮ್ಮ ಕತೆ ಇನ್ನು ಮುಗೀತು.

ಸದ್ಯಕ್ಕೆ ನಾನು ‘ಮೂಲನಿಷ್ಠರು’ ಎಂದು ಬರೆಯುತ್ತಿದ್ದೇನೆ. ಇದಕ್ಕಿಂತ ಹಗುರವಾದ, ಹೊಗಳಿಕೆಯೂ ತೆಗಳಿಕೆಯೂ ಅಲ್ಲದ ಪದ ಯಾರಿಗಾದರೂ ಹೊಳೆದರೆ ತಿಳಿಸಿ. ಜೊತೆಗೆ ಇನ್ನೊಂದು: ಅಲಿ ಲಾರಿಜಾನಿ ಇದೇ ಬಣದಿಂದ ಬಂದು 2008ರಿಂದ 2020ರವರೆಗೆ ಮಜ್ಲಿಸ್‌ನ, ಅಂದರೆ ಸಂಸತ್ತಿನ, ಸಭಾಧ್ಯಕ್ಷರಾಗಿದ್ದವರು. ಆದರೂ 2021, 2024 ಎರಡೂ ಸಲ ಅಧ್ಯಕ್ಷ ಚುನಾವಣೆಗೆ ಅವರ ಉಮೇದುವಾರಿಕೆಯನ್ನು, ಅಭ್ಯರ್ಥಿಗಳನ್ನು ಜರಡಿ ಹಿಡಿಯುವ ಪಾಲಕ ಮಂಡಳಿ ತಿರಸ್ಕರಿಸಿತು. ಇಂಥವರನ್ನು ‘ಮಿತವಾದಿ’ ಎಂದರೆ ನಮ್ಮ ಓದುಗರಿಗೆ ಗೋಖಲೆ ನೆನಪಾಗುವುದಿಲ್ಲವೇ?