ಪದಚರ್ಚೆ: ಮನೆಯ ಫೋನನ್ನು ಇಂಟರ್ನೆಟ್‌ಗೆ ಸೇರಿಸುವ ‘ಅಡಾಪ್ಟರ್’ಗೆ ಕನ್ನಡ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ.

ಮನೆಯ ಮಾಮೂಲಿ ಫೋನಿನಿಂದಲೇ ಇಂಟರ್ನೆಟ್ ಕರೆ ಮಾಡಲು ಬೇಕಾಗುವ ಪೆಟ್ಟಿಗೆಯನ್ನು ಆರಿಸುವುದು, ಜೋಡಿಸುವುದು ಹೇಗೆ ಎಂಬ 4 ಪುಟದ ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಪೆಟ್ಟಿಗೆಯ ಹಿಂಬದಿಗೆ ಅಂಟಿಸುವ ಚೀಟಿಗಳೂ ಇವೆ. ಸಂಜೆ ಅಚ್ಚಿಗೆ ಹೋಗಬೇಕು.

ತೊಡಕು ಇದು. ಮೂಲದಲ್ಲಿ ‘ಅಡಾಪ್ಟರ್’ ಎರಡು ವಸ್ತುಗಳಿಗೆ ಬಂದಿದೆ. ಒಂದು, ಮಾತನ್ನು ಡೇಟಾ ಪ್ಯಾಕೆಟ್ ಮಾಡಿ ಕಳಿಸುವ, ಬಂದ ಪ್ಯಾಕೆಟ್ಟನ್ನು ಮತ್ತೆ ಮಾತಾಗಿಸುವ ಮುಖ್ಯ ಪೆಟ್ಟಿಗೆ. ಇನ್ನೊಂದು, ಆ ಪೆಟ್ಟಿಗೆಗೆ ಕರೆಂಟು ಕೊಡಲು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ವಸ್ತು. ಜನ ‘ಅಡಾಪ್ಟರ್’ ಎಂದರೆ ತಿಳಿಯುವುದು ಎರಡನೆಯದನ್ನೇ. ‘ಅಡಾಪ್ಟರನ್ನು ರೂಟರಿಗೆ ಜೋಡಿಸಿ’ ಎಂದು ಬರೆದರೆ ಕರೆಂಟಿನ ಪಿನ್ನನ್ನು ಹಿಡಿದು ರೂಟರಿನಲ್ಲಿ ತೂತು ಹುಡುಕುತ್ತಾರೆ. ರೂಟರ್ 12 ವೋಲ್ಟಿನದು, ಪೆಟ್ಟಿಗೆ 5 ವೋಲ್ಟಿನದು, ಪಿನ್ನಿನ ಅಳತೆ ಒಂದೇ ಆಗಿದ್ದು ಅದಲುಬದಲಾದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ.

ಬೇಕಾದವು: ಪೆಟ್ಟಿಗೆಗೆ ಒಂದು ಹೆಸರು, ಎಫ್‌ಎಕ್ಸ್‌ಎಸ್, ಎಫ್‌ಎಕ್ಸ್‌ಒ ಎಂಬ ಎರಡು ಕಿಂಡಿಗಳಿಗೆ ಹೆಸರು, ನೆಟ್‌ವರ್ಕ್ ಕಿಂಡಿಗೆ ಹೆಸರು. ಚೀಟಿಯ ಅಗಲ 20 ಮಿಲಿಮೀಟರ್. ಉದ್ದದ ಪದ ಹಿಡಿಸುವುದಿಲ್ಲ.

———

‘ದೂರವಾಣಿ ಪರಿವರ್ತಕ’. ಪರಿ ಉಪಸರ್ಗ, ವೃತ್ ಧಾತು, ಕರ್ತೃವನ್ನು ಹೇಳುವ ಅಕ ಪ್ರತ್ಯಯ. ಒಂದು ರೂಪವನ್ನು ಇನ್ನೊಂದು ರೂಪಕ್ಕೆ ತರುವಂಥದ್ದು. ಅರ್ಥ ನೇರ, ಶಬ್ದ ಶುದ್ಧ. ಇದಕ್ಕಿಂತ ಹುಡುಕುವುದು ಅನಗತ್ಯ.

———

> ‘ದೂರವಾಣಿ ಪರಿವರ್ತಕ’

ಬೇಡ. ಕಂಬದ ಮೇಲಿರುವ ಟ್ರಾನ್ಸ್‌ಫಾರ್ಮರಿಗೆ ‘ವಿದ್ಯುತ್ ಪರಿವರ್ತಕ’ ಎಂದು ಪತ್ರಿಕೆಗಳು ಬರೆದೂ ಬರೆದೂ ಆ ಪದ ಅಲ್ಲಿಗೇ ಅಂಟಿದೆ. ಈ ಪೆಟ್ಟಿಗೆಗೂ ಅದನ್ನೇ ಹಾಕಿದರೆ ಕೇಳಿದವರ ತೊಡಕು ಬಗೆಹರಿಯದು, ಇಮ್ಮಡಿಯಾಗುತ್ತದೆ: ಕರೆಂಟಿನ ವಸ್ತು ಯಾವುದು, ಮಾತಿನ ವಸ್ತು ಯಾವುದು ಎಂಬುದೇ ಇಲ್ಲಿನ ಪ್ರಶ್ನೆ.

———

ಕನ್ನಡದ್ದೇ ಆದ ಬೇರು ಕಣ್ಣೆದುರಿಗಿದೆ. ‘ಅಡಾಪ್ಟ್’ ಎಂಬುದು ಲ್ಯಾಟಿನ್ನಿನ ‘ಆಪ್ಟುಸ್’ ಇಂದ ಬಂದದ್ದು, ‘ತಕ್ಕುದಾದ’ ಎಂಬ ಹುರುಳು. ನಮ್ಮಲ್ಲಿ ಅದಕ್ಕೆ ‘ಒಗ್ಗು’ ಇದೆ. ಎಸಕಪದಕ್ಕೆ (ಕ್ರಿಯಾಪದಕ್ಕೆ) ‘ಉಕ’ ಎಂಬ ಒಟ್ಟು (ಪ್ರತ್ಯಯ) ಸೇರಿಸಿದರೆ ‘ಒಗ್ಗುಕ’. ಎಣ್ಣುವುದು ‘ಎಣ್ಣುಕ’ (ಕಂಪ್ಯೂಟರ್) ಆದಂತೆ ಇದೂ. ಪೋನಿಗೆ ‘ಉಲಿ’ ಎಂದು ಬಳಸುವವರು ಈಗಾಗಲೇ ಇದ್ದಾರೆ. ‘ಉಲಿಯೊಗ್ಗುಕ’ ಎಂದರೆ ಮುಗಿಯಿತು. ಮಗುವಿಗೂ ತಿಳಿಯುತ್ತದೆ.

———

ಮಗುವಿಗೆ ತಿಳಿಯುವುದಿಲ್ಲ, ದೊಡ್ಡವರಿಗೂ ತಿಳಿಯುವುದಿಲ್ಲ. ‘ಒಗ್ಗು’ವುದು ನೀರು, ಹವೆ, ಆಹಾರ. ‘ಈ ನೀರು ನನಗೆ ಒಗ್ಗಲಿಲ್ಲ’ ಎನ್ನುತ್ತೇವೆ. ಅಲ್ಲಿ ಒಗ್ಗುವುದು ತಾನೇ ಹೊಂದಿಕೊಳ್ಳುವ ಕ್ರಿಯೆ. ಇಲ್ಲಿ ಬೇಕಿರುವುದು ‘ಒಗ್ಗಿಸು’. ಪ್ರೇರಣಾರ್ಥಕವನ್ನೇ ಬಿಟ್ಟು ಪದ ಕಟ್ಟಿದ್ದೀರಿ.

ಇನ್ನು ‘ಉಕ’. ಕನ್ನಡದಲ್ಲಿ ಸಲಕರಣೆಗೆ ಹೆಸರು ಕೊಡುವ ಹಳೇ ಪ್ರತ್ಯಯ ‘ಅಣಿಗೆ’: ಬೀಸಲು ಬೀಸಣಿಗೆ, ಬಾಚಲು ಬಾಚಣಿಗೆ. ದೇಸಿ ಪದವೇ ಬೇಕೆಂದರೆ ಆ ದಾರಿಯಲ್ಲಿ ಬನ್ನಿ.

———

> ಸಲಕರಣೆಗೆ ಹೆಸರು ಕೊಡುವ ಹಳೇ ಪ್ರತ್ಯಯ ‘ಅಣಿಗೆ’

ಬರವಣಿಗೆ, ಮೆರವಣಿಗೆ, ಬೆಳವಣಿಗೆ ಇವು ಯಾವ ಸಲಕರಣೆಗಳು? ಎರಡು ಪದ ಹಿಡಿದು ಕಟ್ಟಲೆ ಮಾಡಬೇಡಿ.

———

ಪ್ರತ್ಯಯದ ವಿಚಾರ ಆಮೇಲೆ ಮಾಡೋಣ. ಚೀಟಿ ತಪ್ಪಾದರೆ ಉಪಕರಣ ಹಾಳಾಗುತ್ತದೆ, ಅದನ್ನು ಮೊದಲು ನೋಡಿ.

ಎಫ್‌ಎಕ್ಸ್‌ಎಸ್ ಕಿಂಡಿ ಫೋನಿಗೆ ಎಕ್ಸ್‌ಚೇಂಜಿನ ಕೆಲಸ ಮಾಡಿಕೊಡುತ್ತದೆ. ರಿಸೀವರ್ ಇಟ್ಟಿರುವಾಗ 48 ವೋಲ್ಟ್ ಆಸುಪಾಸಿನ ಡಿಸಿ ಕೊಡುತ್ತದೆ, ಎತ್ತಿದರೆ ಡಯಲ್ ಟೋನ್ ಕೊಡುತ್ತದೆ, ಕರೆ ಬಂದಾಗ ಏಸಿ ಹರಿಸಿ ಗಂಟೆ ಬಾರಿಸುತ್ತದೆ. ಎಫ್‌ಎಕ್ಸ್‌ಒ ಇದಕ್ಕೆ ತದ್ವಿರುದ್ಧ: ಅದು ತಾನೇ ಒಂದು ಫೋನಿನಂತೆ ವರ್ತಿಸಿ ಹೊರಗಿನ ಲೈನನ್ನು ಒಳಕ್ಕೆ ತೆಗೆದುಕೊಳ್ಳುತ್ತದೆ. ಎರಡರ ಸಾಕೆಟ್ಟೂ ಆರ್‌ಜೆ11, ನೋಡಲು ಒಂದೇ. ಎಕ್ಸ್‌ಚೇಂಜಿನಿಂದ ಬರುವ ತಂತಿಯಲ್ಲೂ 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ 90 ವೋಲ್ಟಿನ ಹತ್ತಿರಕ್ಕೆ ಏಸಿ ಬರುತ್ತದೆ. ಅದನ್ನು ಎಫ್‌ಎಕ್ಸ್‌ಎಸ್ ಕಿಂಡಿಗೆ ಸಿಕ್ಕಿಸಿದರೆ ಎರಡು ಕಡೆಯಿಂದಲೂ ವೋಲ್ಟೇಜ್ ನುಗ್ಗಿ ಕಿಂಡಿ ಸತ್ತುಹೋಗಬಹುದು. ಮನೆಯ ಗೋಡೆಯೊಳಗಿನ ಹಳೇ ಫೋನ್ ವೈರಿಂಗನ್ನೇ ಬಳಸಿ ಎಲ್ಲ ಕೋಣೆಗೂ ಹರಡಿಸುವವರು, ಹೊರಗಿನಿಂದ ಮನೆಗೆ ಬರುವ ತಂತಿಯನ್ನು ಮೊದಲು ಬಿಡಿಸಬೇಕು ಎಂಬುದಕ್ಕೂ ಇದೇ ಕಾರಣ. ಈ ಎಚ್ಚರಿಕೆ ಕೈಪಿಡಿಯ ಮೊದಲ ಪುಟದಲ್ಲಿರಲಿ.

‘ಫಾರಿನ್ ಎಕ್ಸ್‌ಚೇಂಜ್’ ಎಂಬ ವಿಸ್ತರಣೆಯನ್ನು ದಯವಿಟ್ಟು ಮುಟ್ಟಬೇಡಿ. ಪದಶಃ ತಂದರೆ ‘ವಿದೇಶಿ ವಿನಿಮಯ’ ಆಗಿ ದುಡ್ಡಿನ ಮಾತಾಗುತ್ತದೆ. ಅಲ್ಲಿ ಎಕ್ಸ್‌ಚೇಂಜ್ ಎಂದರೆ ಟೆಲಿಫೋನ್ ಎಕ್ಸ್‌ಚೇಂಜ್; ಫಾರಿನ್ ಎಂದರೆ ದೇಶಕ್ಕೆ ಹೊರಗಿನದಲ್ಲ, ಚಂದಾದಾರರ ಪ್ರದೇಶದ್ದಲ್ಲದ ಬೇರೆ ಎಕ್ಸ್‌ಚೇಂಜ್.

ನನ್ನ ಸಲಹೆ: ಎಫ್‌ಎಕ್ಸ್‌ಎಸ್‌ಗೆ ‘ಫೋನ್’, ಎಫ್‌ಎಕ್ಸ್‌ಒಗೆ ‘ಹೊರಲೈನ್’, ಜಾಲಕ್ಕೆ ‘ನೆಟ್’.

———

‘ಹೊರಲೈನ್’ ಅರಿಸಮಾಸ.

———

ಅರಿಸಮಾಸದ ನಿಷೇಧ ಕನ್ನಡ ಮತ್ತು ಸಂಸ್ಕೃತ ಪದಗಳ ಬೆರಕೆಗೆ ಹೇಳಿದ್ದು. ಅಲ್ಲೂ ಬಿರುದುಗಳಿಗೆ, ಹಿಂದಿನ ಕವಿಗಳು ಬಳಸಿದವಕ್ಕೆ ವಿನಾಯಿತಿ ಇದೆ. ಇಂಗ್ಲಿಷ್ ಮೊದಲಾದ ಬೇರೆ ಭಾಷೆಗಳಿಗೂ ಅದನ್ನು ಎಳೆಯುವುದಾದರೆ ರೈಲುನಿಲ್ದಾಣ, ಚಹಾಪುಡಿ ಎಲ್ಲವನ್ನೂ ಬಿಡಬೇಕು. ಬಿಡುತ್ತೀರಾ?

———

ಎಲ್ಲರಿಗೂ ಧನ್ಯವಾದ. ಕಿಂಡಿಗಳಿಗೆ ದಾರಿ ಸಿಕ್ಕಿತು. ಕೊಳ್ಳುವವರಿಗಾಗಿ ಬರೆದ ಭಾಗದಲ್ಲಿ ಇನ್ನೂ ಕೆಲವು ಸಿಕ್ಕುಗಳಿವೆ: ಲಾಕ್ಡ್ ಮತ್ತು ಅನ್‌ಲಾಕ್ಡ್, ಆರ್‌ಇಎನ್ ಸಂಖ್ಯೆ, ಪಲ್ಸ್ ಡಯಲಿಂಗ್, ಎಕೋ, ಒನ್ ವೇ ಆಡಿಯೋ. ಇವಕ್ಕೆ ಪದ ಬೇಕು. ವಿವರಣೆಯೂ ಒಂದೊಂದು ಸಾಲು ಸಿಕ್ಕರೆ ಪಕ್ಕದಲ್ಲೇ ಹಾಕುತ್ತೇನೆ.

———

ಒಂದೊಂದಾಗಿ.

ಲಾಕ್ಡ್: ‘ಬೀಗ ಬಿದ್ದ’. ಸೇವೆ ಕೊಡುವ ಕಂಪನಿಯೇ ಪೆಟ್ಟಿಗೆ ಕೊಟ್ಟರೆ ಅದರ ಸೆಟ್ಟಿಂಗಿಗೆ ಸಾಮಾನ್ಯವಾಗಿ ಬೀಗ ಇರುತ್ತದೆ. ಕಂಪನಿ ಬದಲಿಸಿದ ದಿನ ಪೆಟ್ಟಿಗೆ ಕೆಲಸಕ್ಕೆ ಬಾರದು. ‘ಬೀಗವಿಲ್ಲದ್ದು’ ಕೊಂಡರೆ ಸರ್ವರ್ ವಿಳಾಸ, ಬಳಕೆದಾರ ಹೆಸರು, ಪಾಸ್‌ವರ್ಡ್ ಮೂರನ್ನೂ ತಾವೇ ತುಂಬಬಹುದು. ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಆರ್‌ಇಎನ್: ‘ಗಂಟೆಹೊರೆ’. ಒಂದು ಕಿಂಡಿ ಎಷ್ಟು ಫೋನುಗಳ ಗಂಟೆಯನ್ನು ಹೊರಬಲ್ಲದು ಎಂಬ ಲೆಕ್ಕ. ಲೋಹದ ಗಂಟೆಯ ಹಳೇ ಫೋನು ಸುಮಾರು 1 ಹೊರೆ. ಈಗಿನ ಎಲೆಕ್ಟ್ರಾನಿಕ್ ಫೋನು ಅದಕ್ಕಿಂತ ಕಡಿಮೆ. ಪೆಟ್ಟಿಗೆಯ ಕಿಂಡಿ ಮಾದರಿಗೆ ತಕ್ಕಂತೆ 2ರಿಂದ 5 ತಾಳುತ್ತದೆ. ಮೀರಿದರೆ ಗಂಟೆ ಕ್ಷೀಣವಾಗುತ್ತದೆ, ಇಲ್ಲವೇ ಬಾರಿಸುವುದೇ ಇಲ್ಲ. ಒಂದು ಕಿಂಡಿಗೆ ಎಷ್ಟು ಫೋನು ಸಿಕ್ಕಿಸಿದರೂ ಸಂಭಾಷಣೆ ಒಂದೇ ಎಂಬುದನ್ನೂ ಸೇರಿಸಿ. ಎರಡು ನಂಬರು, ಏಕಕಾಲಕ್ಕೆ ಎರಡು ಮಾತು ಬೇಕಿದ್ದವರು ಎರಡು ಕಿಂಡಿಯದ್ದನ್ನು ಕೊಳ್ಳಬೇಕು.

ಪಲ್ಸ್: ‘ತಿರುಗುಡಯಲ್’. ಬೆರಳಿಟ್ಟು ತಿರುಗಿಸುವ ಫೋನಿನ ಮಿಡಿತಗಳನ್ನು ಹಲವು ಪೆಟ್ಟಿಗೆಗಳು ಗುರುತಿಸುವುದಿಲ್ಲ. ಕರೆ ಬಂದರೆ ಮಾತಾಡಬಹುದು, ಹೊರಗೆ ಕರೆ ಮಾಡಲಾಗದು.

ಎಕೋ: ‘ಪ್ರತಿಧ್ವನಿ’. ತಮ್ಮ ಮಾತೇ ತಿರುಗಿ ಕೇಳಿದರೆ, ಪೆಟ್ಟಿಗೆಯ ಸೆಟ್ಟಿಂಗಿನಲ್ಲಿರುವ ಇಂಪೀಡೆನ್ಸ್ (ಏಸಿ ಹರಿವಿಗೆ ಒಡ್ಡುವ ತಡೆ) ಫೋನಿಗೆ ಹೊಂದಿಲ್ಲ ಎಂದು ಶಂಕಿಸಬೇಕು. 600 ಓಮ್ ಸಾಮಾನ್ಯ; ದೇಶದ ಆಯ್ಕೆ ಸರಿಯಿದ್ದರೆ ಇದೂ, ಡಯಲ್ ಟೋನೂ ಬಹುಮಟ್ಟಿಗೆ ಸರಿಹೋಗುತ್ತವೆ.

ಒನ್ ವೇ ಆಡಿಯೋ: ಹೆಸರುಪದ ಮಾಡಬೇಡಿ, ‘ಒಂದೇ ಕಡೆಗೆ ಕೇಳಿಸಿದರೆ’ ಎಂದು ವಾಕ್ಯವಾಗಿಸಿ. ಕಾರಣ ಸಾಮಾನ್ಯವಾಗಿ ರೂಟರ್. ಅದರೊಳಗಿನ ‘ಸಿಪ್ ಎಎಲ್‌ಜಿ’ ಎಂಬ ಸೌಲಭ್ಯ ಪ್ಯಾಕೆಟ್ಟಿನ ವಿಳಾಸಗಳನ್ನು ತಿದ್ದಲು ಹೋಗಿ ಕೆಡಿಸುತ್ತದೆ. ಅದನ್ನು ಆಫ್ ಮಾಡಿ ನೋಡಬೇಕು. ಹೊರಗೆ ಕರೆ ಹೋಗುತ್ತದೆ, ಆದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಒಳಗೆ ಕರೆ ಬರುವುದಿಲ್ಲ ಎಂದಾದರೆ, ರೂಟರ್ ದಾರಿ ಮುಚ್ಚಿದೆ. ಪೆಟ್ಟಿಗೆಯಲ್ಲಿ ಕೀಪ್ ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಸಂಕೇತ) ಅವಧಿಯನ್ನು 20–30 ಸೆಕೆಂಡಿಗೆ ಇಡಬೇಕು.

ಮೆನುವಿನ ಪದಗಳನ್ನು ಅನುವಾದಿಸಬೇಡಿ. ಪರದೆಯ ಮೇಲೆ ಏನಿದೆಯೋ ಅದೇ ಲಿಪ್ಯಂತರವಾಗಿ ಬರಲಿ. ಕೈಪಿಡಿಯಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಎಂದಾದರೆ ಬಳಸುವವರು ಅಲ್ಲೇ ನಿಲ್ಲುತ್ತಾರೆ.

———

‘ಪ್ರತಿದ್ವನಿ’ ಏಕೆ? ‘ಮಾರ್ದನಿ’ ಇಲ್ಲವೇ? ಕನ್ನಡದ ಒರೆ (ಪದ) ಇದ್ದಾಗಲೂ ಸಂಸ್ಕ್ರುತಕ್ಕೆ ಕೈಚಾಚುವ ಚಾಳಿ ಬಿಡಿ.

———

‘ದನಿ’ ಧ್ವನಿಯ ತದ್ಭವ.

———

ತದ್ಬವವಾದ ಮೇಲೆ ಅದು ಕನ್ನಡವೇ. ನಾಲಿಗೆ ಒಪ್ಪಿಕೊಂಡದ್ದನ್ನು ಹೊರಗಿನದು ಎನ್ನುವುದಿಲ್ಲ.

———

ಹಾಗಾದರೆ ‘ಫೋನು’, ‘ಲೈನು’, ‘ಬಸ್ಸು’ ಏನು ಪಾಪ ಮಾಡಿದವು? ನಾಲಿಗೆ ಅವನ್ನೂ ಒಪ್ಪಿದೆ, ಕೊನೆಗೆ ಉಕಾರ ಸೇರಿಸಿ ನಮ್ಮ ವಿಭಕ್ತಿಯನ್ನೂ ತೊಡಿಸಿದೆ. ‘ಚಾವಿ’, ‘ಅಲಮಾರು’ ಪೋರ್ಚುಗೀಸಿನಿಂದ ಬಂದವು. ಅವನ್ನು ಯಾರೂ ಬದಲಿಸುವ ಮಾತಾಡುವುದಿಲ್ಲ. ಹಳೇ ಸಾಲಕ್ಕೆ ಮಾಫಿ, ಹೊಸ ಸಾಲಕ್ಕೆ ದಂಡ ಎಂಬುದು ತತ್ತ್ವವಲ್ಲ. ಸಂಸ್ಕೃತದ ಕಡೆಯವರಿಗೂ ಇದೇ ಮಾತು: ‘ಸಂಪರ್ಕದ್ವಾರ’ ಎಂದು ಬರೆದು ಪಕ್ಕದಲ್ಲಿ ‘ಪೋರ್ಟ್’ ಎಂದು ಮತ್ತೆ ಬರೆಯಬೇಕಾದರೆ ಮೊದಲಿನದು ಅನುವಾದವಲ್ಲ, ಅಲಂಕಾರ.

———

ಸಾಲ ತಂದವರು ತೀರಿಸುವುದೇ ಇಲ್ಲ ಎಂಬುದೇ ನಮ್ಮ ತಕರಾರು. ಇಂದು ಕಟ್ಟದ ಒರೆಯನ್ನು ನಾಳೆ ಯಾರೂ ಕಟ್ಟುವುದಿಲ್ಲ. ಇದರ ಮೇಲೆ ನಾನು ಬರೆಯುವುದಿಲ್ಲ.

———

ಪೆಟ್ಟಿಗೆಯ ಹೆಸರನ್ನೇ ಎಲ್ಲರೂ ಮರೆತಿರಿ. ‘ಕರೆಪೆಟ್ಟಿಗೆ’ ಎನ್ನಿ. ‘ಕರೆಗಂಟೆ’ ಬಳಕೆಯಲ್ಲಿರುವುದರಿಂದ ಕಿವಿಗೆ ಹೊಸದಲ್ಲ. ಗೋಡೆಗೆ ಸಿಕ್ಕಿಸುವುದಕ್ಕೆ ‘ಅಡಾಪ್ಟರ್’ ಹಾಗೇ ಉಳಿಯಲಿ, ಜನ ಅದಕ್ಕೇ ಕೊಟ್ಟ ಹೆಸರು. ಒಂದು ಮೂಲಪದಕ್ಕೆ ಎರಡು ಕನ್ನಡ ಪದ ಬರುವುದು ಇಲ್ಲಿ ದೋಷವಲ್ಲ, ಅಗತ್ಯ.

ಚೀಟಿಗೆ ಇನ್ನೊಂದು ಮಾತು. ‘ಫೋನ್’, ‘ನೆಟ್’ ಎಂದು ಬರಿಯ ಪ್ರಕೃತಿ ಬಿಡಬೇಡಿ, ಚತುರ್ಥಿ ಹಚ್ಚಿ. ‘ಫೋನಿಗೆ’, ‘ಹೊರಲೈನಿಗೆ’, ‘ರೂಟರಿಗೆ’. ತಂತಿ ಎಲ್ಲಿಗೆ ಹೋಗಬೇಕೆಂದು ವಿಭಕ್ತಿಯೇ ಹೇಳುತ್ತದೆ. ಕೆಲವು ಮಾದರಿಗಳಲ್ಲಿ ನೆಟ್‌ವರ್ಕ್ ಕಿಂಡಿ ಎರಡಿರುತ್ತವೆ. ವ್ಯಾನ್ ಎಂದಿರುವುದು ರೂಟರಿಗೆ, ಲ್ಯಾನ್ ಎಂದಿರುವುದು ಕಂಪ್ಯೂಟರಿಗೆ. ‘ನೆಟ್’ ಎಂದರೆ ಯಾವುದೆಂದು ತಿಳಿಯದು.

———

ಇದು ಒಪ್ಪಿಗೆ. ‘ಕರೆಪೆಟ್ಟಿಗೆ’, ‘ಫೋನಿಗೆ’, ‘ಹೊರಲೈನಿಗೆ’, ‘ರೂಟರಿಗೆ’ ಮತ್ತು ಕರೆಂಟಿನ ತೂತಿಗೆ ‘5 ವೋಲ್ಟ್ ಮಾತ್ರ’ ಎಂದು ಹಾಕುತ್ತಿದ್ದೇನೆ. ‘ಮಾರ್ದನಿ’ ಇಟ್ಟುಕೊಳ್ಳುತ್ತೇನೆ, ಚಿಕ್ಕದಿದೆ. ಕೈಪಿಡಿಯಲ್ಲಿ ‘ಬ್ಯಾಂಡ್‌ವಿಡ್ತ್ 100 ಕೆಬಿಪಿಎಸ್ ಸಾಕು’ ಎಂದಿದೆ, ಸರಿಯೇ?

———

ಒಂದು ಕರೆಗೆ, ಹೋಗುವ ಕಡೆಗೂ ಬರುವ ಕಡೆಗೂ ಅಷ್ಟಷ್ಟು ಎಂದು ಸ್ಪಷ್ಟವಾಗಿ ಬರೆಯಿರಿ. ಜಿ.711 ಕೋಡೆಕ್ಕಿನಲ್ಲಿ (ಮಾತನ್ನು ಡೇಟಾ ಆಗಿಸುವ ಒಂದು ಕ್ರಮ) ಮಾತಿಗೆ 64 ಕೆಬಿಪಿಎಸ್. 20 ಮಿಲಿಸೆಕೆಂಡಿಗೊಂದು ಪ್ಯಾಕೆಟ್ಟಿನಂತೆ ವಿಳಾಸ ಮುಂತಾದ ತಲೆಬರಹಗಳೆಲ್ಲ (ಹೆಡರ್) ಸೇರಿ ಈಥರ್ನೆಟ್ಟಿನಲ್ಲಿ 87 ಆಗುತ್ತದೆ. ಜಿ.729ರಲ್ಲಿ 31. ಆದರೆ ಜಿ.729 ಹಾಕಿದರೆ ‘1 ಒತ್ತಿ, 2 ಒತ್ತಿ’ ಎನ್ನುವ ಕಡೆ ಗುಂಡಿಯ ದನಿ ಸವೆದು ಗುರುತು ಸಿಗದೆ ಹೋಗುತ್ತದೆ. ಡಿಟಿಎಂಎಫ್ (ಗುಂಡಿಯ ದನಿ) ಕಳಿಸುವ ಸೆಟ್ಟಿಂಗನ್ನು ‘ಇನ್‌ಬ್ಯಾಂಡ್’ನಿಂದ ‘ಆರ್‌ಎಫ್‌ಸಿ 2833’ಕ್ಕೆ ಬದಲಿಸಲು ಹೇಳಿ. ಫ್ಯಾಕ್ಸ್ ಇರುವವರು ಟಿ.38 (ಇಂಟರ್ನೆಟ್ಟಿನಲ್ಲಿ ಫ್ಯಾಕ್ಸ್ ಕಳಿಸುವ ಕ್ರಮ) ಇರುವ ಪೆಟ್ಟಿಗೆಯನ್ನೇ ನೋಡಬೇಕು, ಸೇವೆ ಕೊಡುವವರ ಕಡೆಯೂ ಅದು ಇರಬೇಕು.

ಕರೆಂಟು ಹೋದರೆ ಈ ಫೋನೂ ಸತ್ತಂತೆ. ಯುಪಿಎಸ್‌ಗೆ ಕರೆಪೆಟ್ಟಿಗೆಯನ್ನು ಮಾತ್ರ ಹಾಕಿದರೆ ಸಾಲದು; ರೂಟರ್, ಫೈಬರ್ ಮೋಡೆಮ್ ಎರಡನ್ನೂ ಹಾಕಬೇಕು.

‘ಹೊರಲೈನಿಗೆ’ ಚೀಟಿಯನ್ನು ಎಫ್‌ಎಕ್ಸ್‌ಒ ಇಲ್ಲದ ಮಾದರಿಗಳ ಕಟ್ಟಿನಿಂದ ತೆಗೆಯಿರಿ. ಎರಡು ಎಫ್‌ಎಕ್ಸ್‌ಎಸ್ ಕಿಂಡಿ ಇರುವ ಪೆಟ್ಟಿಗೆಗಳಲ್ಲಿ ‘ಲೈನ್ 1’, ‘ಲೈನ್ 2’ ಎಂದು ಅಚ್ಚಾಗಿರುವುದುಂಟು. ಅಂಟಿಸುವವರು ಅದನ್ನೇ ಹೊರಲೈನ್ ಎಂದುಕೊಳ್ಳುತ್ತಾರೆ.